ಪ್ವೆರ್ತೊ ಎಸ್ಕೊಂದಿದೊದಲ್ಲಿ ನಾಲ್ಕು ವಾರ: ಕಡಲ ತೀರದ ಊರಲ್ಲಿದ್ದು ಸ್ಪ್ಯಾನಿಷ್ ಕಲಿಯುವುದು ಹೇಗೆ

ಮೊದಲ ದಿನ ಲಾ ಪುಂತಾ ಬಡಾವಣೆಯ ಕಾಫಿ ಅಂಗಡಿಯೊಂದಕ್ಕೆ ಹೋಗಿ, ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯ ಒಪ್ಪಿಸಿದೆ: ‘ಉನ್ ಕಫೆ ಕೊನ್ ಲೆಚೆ, ಪೊರ್ ಫಾವೊರ್.’ ಕೌಂಟರಿನ ಹುಡುಗ ಹಿಂದೆ ಮುಂದೆ ನೋಡದೆ ಇಂಗ್ಲಿಷಿನಲ್ಲಿ ಕೇಳಿದ, ಬಾದಾಮಿ ಹಾಲೋ ಓಟ್ಸ್ ಹಾಲೋ ಎಂದು. ಬದಿಯ ಮೇಜಿನಲ್ಲಿ ಇಬ್ಬರು ಕೆನಡಾದವರು, ಆಚೆ ಒಬ್ಬ ಜರ್ಮನ್. ಗೋಡೆಯ ಮೆನು ಇಂಗ್ಲಿಷಿನಲ್ಲಿ, ಹಾಡೂ ಇಂಗ್ಲಿಷಿನಲ್ಲಿ. ಮೆಕ್ಸಿಕೊದ ಪೆಸಿಫಿಕ್ ದಂಡೆಯಲ್ಲಿದ್ದೇನೆ ಅನ್ನುವುದಕ್ಕೆ ಕಿಟಕಿಯಾಚೆಯ ತೆಂಗಿನ ಮರ ಮಾತ್ರ ಸಾಕ್ಷಿ. ಅದನ್ನು ನೋಡಲು ಮಲ್ಪೆಗೆ ಹೋಗಿದ್ದರೆ ಸಾಕಿತ್ತು.

ಕಡಲತೀರದ ಊರಿಗೆ ಭಾಷೆ ಕಲಿಯಲು ಹೊರಟವರಿಗೆ ಕಾದಿರುವ ಮೋಸ ಇದೇ. ನೀರಿಗೆ ಬಿದ್ದರೆ ಈಜು ತಾನಾಗಿ ಬರುತ್ತದೆ ಎಂದು ನಂಬಿ ಬರುತ್ತೇವೆ. ಇಲ್ಲಿ ನೀರೇ ಮೊಣಕಾಲಿನ ಮಟ್ಟಕ್ಕಿರುತ್ತದೆ. ಆಳ ಇರುವುದು ಎಲ್ಲಿ ಎಂದು ಹುಡುಕಿಕೊಂಡು ಹೋಗಬೇಕು. ಹೋಗುವಾಗ ಇಂಗ್ಲಿಷನ್ನು ದಡದಲ್ಲೇ ಬಿಟ್ಟು ಕನ್ನಡವನ್ನು ಕಟ್ಟಿಕೊಂಡು ಹೋಗಿ ಎನ್ನುವುದು ನನ್ನ ಸಲಹೆ. ಯಾಕೆ ಎಂಬುದನ್ನು ಮುಂದೆ ಉದಾಹರಣೆ ಸಮೇತ ಹೇಳುತ್ತೇನೆ.

ಹಂತ 1: ಊರು, ಕಾಲ, ಕಾಗದಪತ್ರ

ಪ್ವೆರ್ತೊ ಎಸ್ಕೊಂದಿದೊ ಇರುವುದು ದಕ್ಷಿಣ ಮೆಕ್ಸಿಕೊದ ವಹಾಕಾ ರಾಜ್ಯದಲ್ಲಿ. ಹೆಸರಿನ ಅರ್ಥ ‘ಬಚ್ಚಿಟ್ಟ ಬಂದರು’. ಈಗ ಅದು ಯಾರಿಂದಲೂ ಬಚ್ಚಿಟ್ಟುಕೊಂಡಿಲ್ಲ. ಸಿಕಾತೆಲಾ ತೀರದ ದೈತ್ಯ ಅಲೆಗಳಿಗೆ ಜಗತ್ತಿನ ಸರ್ಫಿಂಗ್ ಹುಚ್ಚರೆಲ್ಲ ಬರುತ್ತಾರೆ. ಮೆಕ್ಸಿಕೊ ಸಿಟಿಯಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ವಹಾಕಾ ನಗರದಿಂದ ರಸ್ತೆಯಲ್ಲಿ ಬರುವುದಾದರೆ ಮೊದಲು ಘಟ್ಟ ಸುತ್ತಿ ಆರೇಳು ಗಂಟೆ ಹಿಡಿಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಅದು ಮೂರು ಗಂಟೆಯ ಆಸುಪಾಸಿಗೆ ಇಳಿದಿದೆ. ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಊರನ್ನು 200ನೇ ಸಂಖ್ಯೆಯ ಕರಾವಳಿ ಹೆದ್ದಾರಿ ಎರಡು ಪಾಲು ಮಾಡಿದೆ. ಕೆಳಗೆ ಕಡಲ ಪಕ್ಕ ಪ್ರವಾಸಿಗರು. ಮೇಲೆ, ದಿಬ್ಬದ ಕಡೆ, ಊರಿನವರು: ಶಾಲೆ, ಬಸ್ ನಿಲ್ದಾಣ, ಬೆನಿತೊ ಹ್ವಾರೆಸ್ ಮಾರುಕಟ್ಟೆ, ಟೈರ್ ಅಂಗಡಿ, ಹೊಲಿಗೆಯವರು. ನೀವು ತಂಗಬೇಕಾದದ್ದು ಮೇಲೆ. ಲಾ ಪುಂತಾದಲ್ಲಿ ಕೋಣೆ ಹಿಡಿದು ಸ್ಪ್ಯಾನಿಷ್ ಕಲಿಯುತ್ತೇನೆ ಅನ್ನುವುದು ಇಂದಿರಾನಗರದ ಪಬ್ಬಿನಲ್ಲಿ ಕೂತು ಕನ್ನಡ ಕಲಿಯುತ್ತೇನೆ ಅಂದ ಹಾಗೆ.

ಜೂನ್‌ನಿಂದ ಅಕ್ಟೋಬರ್ ಮಳೆಗಾಲ, ಚಂಡಮಾರುತದ ಕಾಲವೂ ಹೌದು. 2022ರ ಮೇ ಕೊನೆಗೆ ಅಗಾಥಾ ಚಂಡಮಾರುತ ಇದೇ ಕರಾವಳಿಯ ಪ್ವೆರ್ತೊ ಆಂಹೆಲ್ ಬಳಿ ನೆಲಕ್ಕಪ್ಪಳಿಸಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಬೇಸಿಗೆಯನ್ನು ನೆನಪಿಸುವ ಸೆಕೆ. ನಾನು ಹೋದದ್ದು ಅಕ್ಟೋಬರ್ ಕೊನೆಗೆ. ಮಳೆ ಮುಗಿದು ಗುಡ್ಡಗಳು ಹಸಿರಾಗಿರುತ್ತವೆ, ಡಿಸೆಂಬರಿನ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ನವೆಂಬರ್ 1 ಮತ್ತು 2ರ ‘ಸತ್ತವರ ದಿನ’ವೂ ಸಿಗುತ್ತದೆ.

ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಬೇರೆ ವೀಸಾ ಇಲ್ಲದೆ ಪ್ರವಾಸಿಯಾಗಿ ಒಳಗೆ ಹೋಗಬಹುದು. ಹೆಚ್ಚೆಂದರೆ 180 ದಿನ. ಅಷ್ಟೂ ದಿನ ಸಿಗುತ್ತದೆಯೇ ಎಂಬುದು ಗಡಿಯ ಅಧಿಕಾರಿಯ ತೀರ್ಮಾನ. ಪಾಸ್‌ಪೋರ್ಟಿನಲ್ಲಿ ಬರೆದ ದಿನಗಳನ್ನು ಅಲ್ಲೇ ನೋಡಿಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ತೀರ ಹತ್ತಿರದ ಅವಕಾಶ. ಆದರೆ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟ್ಯಾಂಪಿಂಗ್ ಅವಧಿ ಮುಗಿದಿದ್ದರೆ ವಕೀಲರನ್ನು ಕೇಳದೆ ಟಿಕೆಟ್ ತೆಗೆಯಬೇಡಿ. ಸ್ಪ್ಯಾನಿಷ್ ಕಲಿಯಲು ಹೋಗಿ ಅಲ್ಲೇ ನೆಲೆಸುವ ಹಾಗಾದೀತು.

ಹಂತ 2: ಹೊರಡುವ ಮುನ್ನ ಎಂಟು ವಾರ

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮನೆಮಾತಿನವರು ಕಚೇರಿ ಕೆಲಸ ನಡೆಸುವ ಮಟ್ಟಕ್ಕೆ ಸ್ಪ್ಯಾನಿಷ್ ಕಲಿಯಲು 600ರಿಂದ 750 ತರಗತಿ ಗಂಟೆ ಬೇಕು. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ ಕೂತರೆ ನಿಮಗೆ ಸಿಗುವುದು 80 ಗಂಟೆ. ‘ಒಂದು ತಿಂಗಳಲ್ಲಿ ಸರಾಗ’ ಎಂಬ ಜಾಹೀರಾತನ್ನು ಹಾಗೇ ಮಡಚಿಡಿ. ಏನೂ ಗೊತ್ತಿಲ್ಲದೆ ಹೋದರೆ ಆ ಅಮೂಲ್ಯ 80 ಗಂಟೆಗಳಲ್ಲಿ ಅರ್ಧ, ಒಂದರಿಂದ ನೂರು ಎಣಿಸಲು, ವಾರಗಳ ಹೆಸರು ಹೇಳಲು ಖರ್ಚಾಗುತ್ತದೆ. ಅದನ್ನು ಬಸವನಗುಡಿಯ ಮನೆಯಲ್ಲಿ ಕೂತೇ ಕಲಿಯಬಹುದು.

ದಿನಕ್ಕೆ ಮುಕ್ಕಾಲು ಗಂಟೆಯಂತೆ ಎಂಟು ವಾರ ಇವಿಷ್ಟನ್ನು ಮಾಡಿ: ಸಂಖ್ಯೆಗಳು ಸಾವಿರದವರೆಗೆ, ವರ್ತಮಾನ ಕಾಲದ ಕ್ರಿಯಾಪದಗಳು, ದಿನಬಳಕೆಯ ಐನೂರು ಪದ. ಅದಕ್ಕಿಂತ ಮುಖ್ಯ ಉಚ್ಚಾರ. ಅದರಲ್ಲಿ ನಮಗೆ ಹುಟ್ಟಿನಿಂದ ಬಂದ ಆಸ್ತಿಯಿದೆ.

ಸ್ಪ್ಯಾನಿಷ್‌ನ ಸ್ವರಗಳು ಐದೇ: ಅ/ಆ, ಎ, ಇ, ಒ, ಉ. ಎಲ್ಲಿ ಬಂದರೂ ಅದೇ ಸದ್ದು. ನಮ್ಮ ಕಾಗುಣಿತ ಬಲ್ಲವರಿಗೆ ಇದರಲ್ಲಿ ಕಲಿಯಲು ಏನೂ ಇಲ್ಲ, ನನ್ನ ತರಗತಿಯಲ್ಲಿದ್ದ ಅಮೆರಿಕದವರು ಮಾತ್ರ ‘ನೊ’ ಅನ್ನುವುದನ್ನು ‘ನೋವ್’ ಅಂತ ಎಳೆದು ಎಳೆದು ಸುಸ್ತಾಗುತ್ತಿದ್ದರು. ತ, ದ ಹಲ್ಲಿಗೆ ತಗಲುವ ತ, ದಗಳೇ. ಇಂಗ್ಲಿಷಿನ ಚಾಳಿಯಲ್ಲಿ ಟ, ಡ ಮಾಡಬೇಡಿ. ಅದು ‘ಟಾಕೊ’ ಅಲ್ಲ, ‘ತಾಕೊ’. ಪ, ತ, ಕಗಳಿಗೆ ಉಸಿರು ಸೇರಿಸುವ ಅಭ್ಯಾಸ ನಮಗೆ ಇಲ್ಲವೇ ಇಲ್ಲ. ಞ ಅಕ್ಷರ ನಮ್ಮಲ್ಲಿ ವರ್ಣಮಾಲೆಯ ಪಟ್ಟಿಯಲ್ಲಿ ಧೂಳು ಹಿಡಿದು ಕೂತಿದೆ. ಅಲ್ಲಿ ದಿನವೂ ಬೇಕು: ‘ಆಞೊ’ ಎಂದರೆ ವರ್ಷ. ಅಲ್ಲಿ ಞ ಬದಲು ನ ಹಾಕಿ ನಿಮ್ಮ ವಯಸ್ಸು ಹೇಳಿದರೆ ಮೇಜಿನ ಸುತ್ತ ನಗು ಏಳುತ್ತದೆ. ಕಾರಣ ನಿಘಂಟಿನಲ್ಲಿ ನೋಡಿಕೊಳ್ಳಿ. ಅವರ h ಅಕ್ಷರ ಬರವಣಿಗೆಯಲ್ಲಿದ್ದರೂ ಬಾಯಲ್ಲಿಲ್ಲ (ಈ ಬರಹದಲ್ಲಿ ನಾನು ಹ ಎಂದು ಬರೆದದ್ದು j, x ಮುಂತಾದ ಬೇರೆ ಅಕ್ಷರಗಳ ಸದ್ದು). ಹಾಲಿಗೆ ‘ಆಲು’, ಹಾಸನಕ್ಕೆ ‘ಆಸ್ನ’ ಅನ್ನುವ ನಮ್ಮ ಕಡೆಯವರು ಇಲ್ಲಿ ಮೊದಲ ದಿನವೇ ಪಾಸು.

ಕಷ್ಟ ಎರಡೇ. ಮೊದಲನೆಯದು ರ. ‘ಪೆರೊ’ ಎಂದರೆ ‘ಆದರೆ’, ‘ಪೆರ್‍ರೊ’ ಎಂದರೆ ನಾಯಿ. ಹಳಗನ್ನಡದಲ್ಲಿ ರ ಬೇರೆ, ಱ ಬೇರೆ ಇದ್ದವಲ್ಲ, ಆ ಱವನ್ನು ಬಿಟ್ಟುಕೊಟ್ಟದ್ದಕ್ಕೆ ನಾನು ಪ್ವೆರ್ತೊದಲ್ಲಿ ಪಶ್ಚಾತ್ತಾಪಪಟ್ಟೆ. ನಾಯಿ ಗುರ್ರೆನ್ನುವುದನ್ನು ಅಣಕಿಸಿ, ಅದೇ ನಾಲಿಗೆಯಲ್ಲಿ ಪದ ಹೇಳಿ. ಎರಡನೆಯದು ಒತ್ತು, ಅಂದರೆ ಪದದಲ್ಲಿ ಯಾವ ಅಕ್ಷರವನ್ನು ಗಟ್ಟಿಯಾಗಿ ಹೇಳಬೇಕು ಎಂಬುದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ. ಅಲ್ಲಿ ‘ಆಬ್ಲೊ’ ಎಂದು ಮೊದಲಿಗೆ ಒತ್ತಿದರೆ ‘ಮಾತಾಡುತ್ತೇನೆ’, ‘ಅಬ್ಲೋ’ ಎಂದು ಕೊನೆಗೆ ಒತ್ತಿದರೆ ‘ಅವನು ಮಾತಾಡಿದ’. ‘ಪಾಪ’ ಆಲೂಗಡ್ಡೆ, ‘ಪಪಾ’ ಅಪ್ಪ. ನಾನು ಎರಡು ವಾರ ನನ್ನ ಆಲೂಗಡ್ಡೆ ಮೈಸೂರಿನಲ್ಲಿ ಬ್ಯಾಂಕ್ ನೌಕರನಾಗಿತ್ತು ಎಂದು ಹೇಳಿಕೊಂಡು ತಿರುಗಿದೆ.

ಹಂತ 3: ಶಾಲೆಗೆ ಕೇಳಬೇಕಾದ ಪ್ರಶ್ನೆಗಳು

ಇಂಥ ಊರುಗಳಲ್ಲಿ ಭಾಷಾ ಶಾಲೆಗಳು ಹತ್ತಾರು. ಬಹುತೇಕ ಶುಲ್ಕ ವಾರದ ಲೆಕ್ಕದಲ್ಲಿ, ಸೋಮವಾರ ಸೇರ್ಪಡೆ. ಜಾಲತಾಣದ ಫೋಟೊದಲ್ಲಿ ಎಲ್ಲರೂ ಸರ್ಫ್ ಹಲಗೆ ಹಿಡಿದು ನಗುತ್ತಿರುತ್ತಾರೆ, ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಬರೆದು ಕೇಳಿ: ಗುಂಪಿನಲ್ಲಿ ಗರಿಷ್ಠ ಎಷ್ಟು ಜನ? ಸೇರುವ ಮೊದಲು ಮಟ್ಟ ಅಳೆಯುವ ಪರೀಕ್ಷೆ ಇದೆಯೇ? ನನ್ನ ಮಟ್ಟದವರು ಬೇರೆ ಯಾರೂ ಇಲ್ಲದಿದ್ದರೆ ಏನು ಮಾಡುತ್ತೀರಿ? ಪಾಠ ಮಾಡುವವರು ಇಂಗ್ಲಿಷಿನಲ್ಲಿ ವಿವರಿಸುತ್ತಾರೋ ಸ್ಪ್ಯಾನಿಷಿನಲ್ಲೋ? ಎರಡು ವಾರದ ನಂತರ ಗುಂಪಿನಿಂದ ಒಬ್ಬರಿಗೊಬ್ಬರ ಪಾಠಕ್ಕೆ ಬದಲಾಯಿಸಬಹುದೇ? ದುಡ್ಡು ವಾಪಸಾಗುತ್ತದೆಯೇ?

ಮೂರನೇ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಮೊದಲ ವಾರ ನನ್ನನ್ನು ಕೂಡಿಸಿದ ಗುಂಪಿನಲ್ಲಿ ಒಬ್ಬರಿಗೆ ಅಕ್ಷರ ಬಾರದು, ಇನ್ನೊಬ್ಬರು ಭೂತಕಾಲ ಮುಗಿಸಿದ್ದರು. ಪಾಠ ಇಬ್ಬರಿಗೂ ತಲುಪಲಿಲ್ಲ, ನಡುವೆ ಕೂತ ನನಗಂತೂ ನಿದ್ದೆ. ಎರಡನೇ ವಾರ ಬೇರೆ ಶಾಲೆಗೆ ಹೋದೆ. ಅದಕ್ಕೇ ಹೇಳುವುದು, ನಾಲ್ಕೂ ವಾರದ ಹಣವನ್ನು ಮುಂಗಡ ಕಟ್ಟಬೇಡಿ, ರಿಯಾಯಿತಿ ಎಷ್ಟೇ ಇರಲಿ. ಒಂದು ವಾರಕ್ಕೆ ಕಟ್ಟಿ ನೋಡಿ.

ನನ್ನ ಅನುಭವದಲ್ಲಿ ಒಳ್ಳೆಯ ಜೋಡಣೆ ಇದು: ಮೊದಲೆರಡು ವಾರ ಮೂರ್ನಾಲ್ಕು ಜನರ ಗುಂಪು, ಕೊನೆಯೆರಡು ವಾರ ಒಬ್ಬರೇ. ಮೊದಲಲ್ಲಿ ಬೇರೆಯವರ ತಪ್ಪು ಕೇಳಿ ಧೈರ್ಯ ಬರುತ್ತದೆ. ಆಮೇಲೆ ನಿಮ್ಮ ತಪ್ಪುಗಳಿಗೆ ಮಾತ್ರ ಸಮಯ ಬೇಕಾಗುತ್ತದೆ.

ಹಂತ 4: ಮನೆಯವರ ಜೊತೆ ಇರುವುದು

ಇಡೀ ಕಾರ್ಯಕ್ರಮದಲ್ಲಿ ಒಂದಕ್ಕೇ ಖರ್ಚು ಮಾಡಲು ಸಾಧ್ಯ ಎಂದಾದರೆ ಶಾಲೆಯ ಗಂಟೆ ಕಡಿಮೆ ಮಾಡಿ, ಮನೆವಾಸ ಇಟ್ಟುಕೊಳ್ಳಿ. ಊರ ಕುಟುಂಬದೊಂದಿಗೆ ಒಂದು ಕೋಣೆ, ದಿನಕ್ಕೆ ಒಂದೆರಡು ಊಟ. ಶಾಲೆಯವರೇ ಏರ್ಪಡಿಸುತ್ತಾರೆ. ‘ಆ ಮನೆಯಲ್ಲಿ ಬೇರೆ ವಿದ್ಯಾರ್ಥಿಗಳು ಇದ್ದಾರೆಯೇ’ ಎಂದು ಕೇಳಿ. ನಾಲ್ವರು ವಿದೇಶಿಯರನ್ನು ಇಟ್ಟುಕೊಂಡ ಮನೆ ಹಾಸ್ಟೆಲ್ಲೇ ಸರಿ. ಅಜ್ಜಿ ಇರುವ ಮನೆ ಸಿಕ್ಕರೆ ಬಿಡಬೇಡಿ. ಮಾತಾಡಲು ಅವರಿಗಿರುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮನೆಯೊಡತಿಯನ್ನು ‘ಸೆಞೋರಾ’ ಅಥವಾ ಹೆಸರಿನ ಮೊದಲು ‘ದೋಞಾ’ ಸೇರಿಸಿ ಕರೆಯಿರಿ. ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಹಿರಿಯರಿಗೆ, ಅಂಗಡಿಯವರಿಗೆ, ಅಪರಿಚಿತರಿಗೆ ಉಸ್ತೆದ್. ನಮ್ಮ ಮನೆಗಳಲ್ಲಿ ಕಲಿತ ಅಳತೆಗೋಲು ಇಲ್ಲೂ ಬಹುಪಾಲು ನಡೆಯುತ್ತದೆ. ಅವರು ಹೇಳಿದ್ದು ಕೇಳಿಸದಿದ್ದರೆ ‘ಕೇ?’ (ಏನು?) ಅನ್ನುವುದು ಒರಟು. ಮೆಕ್ಸಿಕೊದಲ್ಲಿ ‘ಮಾಂದೆ?’ ಅನ್ನುತ್ತಾರೆ. ಅಕ್ಷರಶಃ ‘ಅಪ್ಪಣೆಯಾಗಲಿ’. ಊಟ ಮಾಡುತ್ತಿರುವವರ ಪಕ್ಕ ಹಾದುಹೋದರೆ, ಗುರುತಿರಲಿ ಇಲ್ಲದಿರಲಿ, ‘ಪ್ರೊವೆಚೊ’ (ಚೆನ್ನಾಗಿ ಊಟ ಮಾಡಿ) ಎನ್ನಿ. ಈ ಒಂದು ಪದದಿಂದ ನನಗೆ ಸಿಕ್ಕಷ್ಟು ನಗುಮುಖ ಪಾಠದಿಂದ ಸಿಗಲಿಲ್ಲ.

ಸಸ್ಯಾಹಾರಿಗಳು ಮೊದಲ ದಿನವೇ ಬಿಡಿಸಿ ಹೇಳಬೇಕು. ‘ಸೊಯ್ ವೆಹೆತರ್ಯಾನೊ’ ಎಂದರೆ ಕೆಲವರು ದನ, ಹಂದಿ ಬಿಟ್ಟು ಕೋಳಿ ಬಡಿಸುತ್ತಾರೆ. ಹಾಗಾಗಿ ಪಟ್ಟಿ ಒಪ್ಪಿಸಿ: ‘ನೊ ಕೋಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ, ನಿ ಕಾಲ್ದೊ ದೆ ಪೊಯ್ಯೊ.’ ಮಾಂಸ, ಕೋಳಿ, ಮೀನು, ಕೋಳಿಸಾರು ಯಾವುದೂ ಬೇಡ ಎಂದು. ಕೊನೆಯದು ಯಾಕೆಂದರೆ ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸುವ ರೂಢಿ ಇದೆ. ಹುರುಳಿಯಂಥ ಕಪ್ಪು ಕಾಳಿನ ಪಲ್ಯಕ್ಕೆ, ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬಿನಂಥ ತಮಾಲ್‌ನ ಹಿಟ್ಟಿಗೆ ಹಂದಿಕೊಬ್ಬು ಬೀಳುವುದುಂಟು. ಅದರ ಹೆಸರು ‘ಮಂತೇಕಾ’. ವಹಾಕಾದ ಹೆಮ್ಮೆಯಾದ ‘ತ್ಲಾಯೂದಾ’, ನಮ್ಮ ಜೋಳದ ರೊಟ್ಟಿಯ ದೊಡ್ಡಣ್ಣ. ಅದರ ಮೇಲೆ ಸವರುವ ‘ಅಸ್ಯೆಂತೊ’ ಕೂಡ ಹಂದಿಕೊಬ್ಬಿನದೇ. ‘ಸಿನ್ ಅಸ್ಯೆಂತೊ’ ಅಂದರೆ ಸವರದೆ ಕೊಡುತ್ತಾರೆ. ಕಾಳು, ಎಳೆಎಳೆಯಾಗಿ ಬಿಡಿಸುವ ‘ಕೆಸಿಯ್ಯೊ’ ಚೀಸು, ಬೆಣ್ಣೆಹಣ್ಣು ಹಾಕಿದ ಅದೇ ತ್ಲಾಯೂದಾವನ್ನು ನಾನು ವಾರಕ್ಕೆ ಮೂರು ಸಲ ತಿಂದೆ. ಜೊತೆಗೆ ‘ಆಗ್ವಾ ದೆ ಹಮಾಯ್ಕಾ’, ನಮ್ಮ ಪುಂಡಿಯ ಜಾತಿಯ ಗಿಡದ ಕೆಂಪು ಹೂವಿನ ಹುಳಿಸಿಹಿ ಪಾನಕ. ಹುಣಸೆ ಪಾನಕವೂ ಉಂಟು. ನಲ್ಲಿ ನೀರು ಮಾತ್ರ ಕುಡಿಯಬೇಡಿ, ಮನೆಯಲ್ಲಿ ಕ್ಯಾನು ಇರುತ್ತದೆ.

ಹಂತ 5: ವ್ಯಾಕರಣವನ್ನು ಕನ್ನಡದ ಕಡೆಯಿಂದ ಹತ್ತುವುದು

ಪಠ್ಯಪುಸ್ತಕಗಳೆಲ್ಲ ಇಂಗ್ಲಿಷ್ ತಲೆಗೆಂದು ಬರೆದವು. ಅವು ‘ಕಠಿಣ’ ಎಂದು ಗುರುತು ಹಾಕಿದ ಜಾಗಗಳಲ್ಲಿ ಅರ್ಧದಷ್ಟು ನಮಗೆ ಮನೆಯಂಗಳ. ಇದು ನನಗೆ ಹೊಳೆದದ್ದು ಎರಡನೇ ವಾರ. ಅಲ್ಲಿಯವರೆಗೆ ನಾನೂ ಇಂಗ್ಲಿಷಿನ ಮೂಲಕವೇ ಸುತ್ತಿ ಬರುತ್ತಿದ್ದೆ, ಮಲ್ಲೇಶ್ವರದಿಂದ ಯಶವಂತಪುರಕ್ಕೆ ಎಲೆಕ್ಟ್ರಾನಿಕ್ ಸಿಟಿ ಮೇಲೆ ಹೋದ ಹಾಗೆ.

‘ಮೆ ಗುಸ್ತಾ’ ತೆಗೆದುಕೊಳ್ಳಿ. ‘ನಾನು ಇಷ್ಟಪಡುತ್ತೇನೆ’ ಎಂದು ಬೋಧಿಸಿ, ಆಮೇಲೆ ‘ಹಾಗಲ್ಲ, ತಿರುಗುಮುರುಗಾಗಿ ಯೋಚಿಸಿ’ ಎಂದು ಪುಸ್ತಕ ಎರಡು ಪುಟ ವ್ಯಯ ಮಾಡುತ್ತದೆ. ನಮಗೆ ಅದು ‘ನನಗೆ ಹಿಡಿಸುತ್ತದೆ’. ಅಷ್ಟೇ. ಊರು ಹಿಡಿಸಿತು: ‘ಮೆ ಗುಸ್ತೋ’. ತೀರಗಳು ಹಿಡಿಸಿದವು: ‘ಮೆ ಗುಸ್ತಾರೊನ್’. ಹಿಡಿಸಿದ ವಸ್ತುವಿನ ಏಕವಚನ, ಬಹುವಚನಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದೂ ನಮ್ಮಂತೆಯೇ. ‘ಮೆ ದ್ವೆಲೆ ಲಾ ಕಬೇಸಾ’: ನನಗೆ ತಲೆ ನೋಯುತ್ತಿದೆ. ‘ಸೆ ಮೆ ಒಲ್ವಿದೋ’: ನನಗೆ ಮರೆತುಹೋಯಿತು. ಮರೆವಿನ ತಪ್ಪನ್ನು ಮರೆವಿನ ಮೇಲೇ ಹಾಕುವ ಜಾಣತನ ಎರಡೂ ಭಾಷೆಗೆ ಸಮ. ಸುಮ್ಮನೆ ಹೇಳಿದ್ದಲ್ಲ, ಹೋಮ್‌ವರ್ಕ್ ತರದ ದಿನ ಈ ವಾಕ್ಯ ಕೆಲಸಕ್ಕೆ ಬಂತು.

ಎರಡು ಭೂತಕಾಲಗಳು ಇಂಗ್ಲಿಷಿನವರನ್ನು ತಿಂಗಳುಗಟ್ಟಲೆ ಕಾಡುತ್ತವೆ. ‘ಫೂಯಿ’ ಎಂದರೆ ಹೋದೆ. ‘ಈಬಾ’ ಎಂದರೆ ಹೋಗುತ್ತಿದ್ದೆ. ಬೇಸಿಗೆ ರಜೆಗೆ ಪ್ರತಿ ವರ್ಷ ಅಜ್ಜಿಮನೆಗೆ ಹೋಗುತ್ತಿದ್ದೆ ಅನ್ನುವಾಗಲೂ, ದಾರಿಯಲ್ಲಿ ಹೋಗುತ್ತಿದ್ದೆ, ಅಷ್ಟರಲ್ಲಿ ಅವನು ಸಿಕ್ಕಿದ ಅನ್ನುವಾಗಲೂ ‘ಈಬಾ’ ಒಂದೇ ಸಾಕು, ‘ಹೋಗುತ್ತಿದ್ದೆ’ ಒಂದೇ ಸಾಕಾಗುವ ಹಾಗೆ. ಒಂದು ರಾತ್ರಿ ಮಳೆಯಲ್ಲಿ ದೀಪ ಆರಿದಾಗ ಮನೆಯ ಅಜ್ಜಿ ‘ಸೆ ಫ್ವೆ ಲಾ ಲೂಸ್’ ಅಂದರು. ಪದಕ್ಕೆ ಪದ: ಬೆಳಕು ಹೊರಟುಹೋಯಿತು. ನಮ್ಮಲ್ಲಿ ಕರೆಂಟು ಹೋಗುವ ಹಾಗೇ ಅಲ್ಲೂ ಹೋಗುತ್ತದೆ! ಮಳೆ ಬರುತ್ತಿತ್ತು, ಕರೆಂಟು ಹೋಯಿತು: ‘ಯೊವೀಆ, ಸೆ ಫ್ವೆ ಲಾ ಲೂಸ್.’ ಎರಡು ಭೂತಕಾಲಗಳ ಪಾಠ ಆ ಕತ್ತಲಲ್ಲಿ ಮುಗಿಯಿತು.

‘ಇರು’ ಎಂಬುದಕ್ಕೆ ಅವರಲ್ಲಿ ಎರಡು ಕ್ರಿಯಾಪದ, ‘ಸೆರ್’ ಮತ್ತು ‘ಎಸ್ತಾರ್’. ನನ್ನ ಒರಟು ಸೂತ್ರ: ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಬೇಡವಾದರೆ ಸೆರ್, ‘ಇದ್ದಾನೆ, ಇದೆ’ ಬೇಕೇ ಬೇಕಾದರೆ ಎಸ್ತಾರ್. ಅವರು ಡಾಕ್ಟರು: ‘ಎಸ್ ಮೇದಿಕೊ’. ಮನೆಯಲ್ಲಿದ್ದಾರೆ: ‘ಎಸ್ತಾ ಎನ್ ಕಾಸಾ’. ಸುಸ್ತಾಗಿದ್ದಾರೆ: ‘ಎಸ್ತಾ ಕನ್ಸಾದೊ’. ‘ಅವನು ಎತ್ತರ ಇದ್ದಾನೆ’ ಎಂಬಲ್ಲಿ ಸೂತ್ರ ಕೈಕೊಡುತ್ತದೆ, ಅಲ್ಲಿ ಸೆರ್ ಬರುತ್ತದೆ. ಹತ್ತರಲ್ಲಿ ಏಳೆಂಟು ಸಲ ಸರಿಯಾದರೆ ಮೊದಲ ತಿಂಗಳಿಗೆ ಧಾರಾಳ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ‘ಪುಸ್ತಕ ನೋಡಿದೆ’ ಅನ್ನುತ್ತೇವೆ, ‘ಅನ್ನು’ ಬೇಕಿಲ್ಲ. ಆದರೆ ‘ಹುಡುಗ ನೋಡಿದೆ’ ಅನ್ನುವ ಹಾಗಿಲ್ಲ, ‘ಹುಡುಗನನ್ನು ನೋಡಿದೆ’ ಎನ್ನಬೇಕು. ಸ್ಪ್ಯಾನಿಷ್ ಕೂಡ ಹಾಗೆಯೇ. ಪುಸ್ತಕಕ್ಕೆ ಏನೂ ಬೇಡ, ಮನುಷ್ಯರಾದರೆ ಮುಂದೊಂದು ‘ಆ’ ಸೇರಬೇಕು: ‘ವೀ ಉನ್ ಲಿಬ್ರೊ’, ‘ವೀ ಆ ಉನ್ ನಿಞೊ’. ಟೀಚರು ಇದನ್ನು ವಿವರಿಸಲು ಉಸಿರು ಬಿಗಿಹಿಡಿದು ನಿಂತಾಗ ನಾನು ‘ಗೊತ್ತಾಯಿತು’ ಅಂದೆ. ಅವರು ನಂಬಲಿಲ್ಲ, ಮೂರು ವಾಕ್ಯ ಕೊಟ್ಟು ಪರೀಕ್ಷಿಸಿದರು.

ನಮ್ಮ ಕನ್ನಡ ಕೈಬಿಡುವ ಜಾಗಗಳೂ ಇವೆ. ಮೇಜು ಹೆಣ್ಣು, ಪುಸ್ತಕ ಗಂಡು, ‘ಸಮಸ್ಯೆ’ ಆಕಾರಾಂತವಾದರೂ ಗಂಡು, ‘ಕೈ’ ಒಕಾರಾಂತವಾದರೂ ಹೆಣ್ಣು. ‘ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ’ ಎಂದು ಆರಾಮಾಗಿ ಇದ್ದವರಿಗೆ ವಿಶೇಷಣವನ್ನೂ ಬದಲಾಯಿಸಬೇಕೆಂದರೆ ಬೇಸರವಾಗುತ್ತದೆ. ಉಪಾಯ ಒಂದೇ: ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ‘ಎಲ್ ಪ್ರೊಬ್ಲೇಮಾ’, ‘ಲಾ ಮಾನೊ’ ಎಂದು ಮುಂದಿನ ತುಣುಕಿನ ಸಮೇತ ಬಾಯಿಪಾಠ ಮಾಡಿ. ಇನ್ನು ಹಸಿವು, ವಯಸ್ಸು. ಇಲ್ಲಿ ‘ನನಗೆ’ ನಡೆಯುವುದಿಲ್ಲ. ‘ತೆಂಗೊ ಆಂಬ್ರೆ’ ಎಂದರೆ ‘ನಾನು ಹಸಿವನ್ನು ಹೊಂದಿದ್ದೇನೆ’. ಕನ್ನಡದಲ್ಲಿ ಹೀಗೆ ಬರೆಯುವವರನ್ನು ನಾವು ಗೇಲಿ ಮಾಡುತ್ತೇವೆ, ಸ್ಪ್ಯಾನಿಷಿನಲ್ಲಿ ಅವರೇ ಸರಿ.

ಹಂತ 6: ಮಧ್ಯಾಹ್ನಗಳನ್ನು ಮಾರುಕಟ್ಟೆಗೆ ಕೊಡಿ

ತರಗತಿ ಬೆಳಗ್ಗೆ ಮುಗಿಯುತ್ತದೆ. ಸಹಪಾಠಿಗಳೆಲ್ಲ ಕಡಲಿಗೆ ಹೊರಡುತ್ತಾರೆ, ಅಲ್ಲಿ ಇಂಗ್ಲಿಷ್ ಶುರು. ವಾರಕ್ಕೆ ಎರಡು ದಿನ ಹೋಗಿ, ಉಳಿದ ಮೂರು ದಿನ ತಪ್ಪಿಸಿಕೊಳ್ಳಿ.

ಬೆನಿತೊ ಹ್ವಾರೆಸ್ ಮಾರುಕಟ್ಟೆಗೆ ಹೋಗುವಾಗ ದಿನಕ್ಕೊಂದೇ ಗುರಿ ಇರಲಿ. ಮೊದಲ ದಿನ ಬೆಲೆ ಕೇಳುವುದು. ಪುಸ್ತಕದಲ್ಲಿ ‘ಕ್ವಾಂತೊ ಕ್ವೆಸ್ತಾ’ ಎಂದಿರುತ್ತದೆ. ತರಕಾರಿಯವರ ಹತ್ತಿರ ಜನ ಕೇಳುವುದು ‘ಆ ಕೋಮೊ ಎಲ್ ಕೀಲೊ?’ ‘ಕೋಮೊ’ ಎಂದರೆ ಹೇಗೆ. ‘ಟೊಮೆಟೊ ಕಿಲೋ ಹೇಗೆ?’ ಎಂದು ಕೆ.ಆರ್. ಮಾರ್ಕೆಟಿನಲ್ಲಿ ಕೇಳಿ ಬೆಳೆದವರಿಗೆ ಈ ವಾಕ್ಯವನ್ನು ಯಾರೂ ಕಲಿಸಬೇಕಾಗಿಲ್ಲ. ಎರಡನೇ ದಿನ ಒಂದು ಅಡುಗೆ ಕೇಳಿಕೊಂಡು ಬನ್ನಿ. ಮೂರನೇ ದಿನ ಅದನ್ನು ಮಾಡಿ, ಹೇಗಾಯಿತು ಎಂದು ಹೋಗಿ ಹೇಳಿ. ಅಲ್ಲಿಗೆ ಭೂತಕಾಲದ ಅಭ್ಯಾಸವೂ ಆಯಿತು, ಮುಂದಿನ ಸಲ ಒಂದು ನಿಂಬೆಹಣ್ಣು ಜಾಸ್ತಿಯೂ ಬಂತು. ಹೊರಡುವಾಗ ಅವರು ‘ಕೆ ಲೆ ವಾಯಾ ಬ್ಯೆನ್’ ಅನ್ನುತ್ತಾರೆ, ‘ಒಳ್ಳೇದಾಗಲಿ’ ಎಂದು. ವ್ಯಾಕರಣ ಪುಸ್ತಕದ ಕೊನೆಯಲ್ಲಿ ಹೆದರಿಸುತ್ತಾ ನಿಂತಿರುವ ಆ ಕ್ರಿಯಾರೂಪ ನಮ್ಮ ‘-ಲಿ’ಯ ಸಂಬಂಧಿಕ.

ವಯಸ್ಸಾದ ಕೆಲವು ಮಾರಾಟಗಾರರ ಸ್ಪ್ಯಾನಿಷ್ ನಿಧಾನ, ಬೇರೆ ರಾಗ. ಅವರ ಮನೆಮಾತು ಚತೀನೊ, ಸಪೊತೆಕೊ ಅಥವಾ ಮಿಶ್ತೆಕೊ ಇರಬಹುದು. ಈ ಭಾಷೆಗಳು ಸ್ಪ್ಯಾನಿಷ್ ಹಡಗು ಬರುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿವೆ. ಎರಡನೇ ಭಾಷೆಯಾಗಿ ಮಾತಾಡುವವರ ಜೊತೆ ಕಲಿಯುವುದು ಸುಲಭ, ನಮ್ಮ ತಡವರಿಕೆಗೆ ಅವರಲ್ಲಿ ತಾಳ್ಮೆ ಹೆಚ್ಚು. ‘ಸ್ಪ್ಯಾನಿಷ್ ಮಾತಾಡುವ ಊರು’ ಎಂದು ಒಂದೇ ಮಾತಿನಲ್ಲಿ ಹೇಳಿದ್ದು ಎಷ್ಟು ಅರ್ಧಂಬರ್ಧ ಎಂಬುದೂ ತಿಳಿಯುತ್ತದೆ.

ಓಡಾಟಕ್ಕೆ ಟ್ಯಾಕ್ಸಿ ಬಿಡಿ. ಹಿಂದೆ ಬೆಂಚು ಹಾಕಿ ಮೇಲೆ ತಾಡಪಾಲು ಹೊದಿಸಿದ ಪಿಕಪ್ ವ್ಯಾನುಗಳು ಹೆದ್ದಾರಿಯಲ್ಲಿ ಓಡುತ್ತವೆ. ಇಳಿಯುವಾಗ ‘ಬಾಹಾನ್!’ ಎಂದು ಕೂಗಬೇಕು. ಇಳಿಯುವವನು ಒಬ್ಬನೇ ಆದರೂ ಕೂಗು ಬಹುವಚನದಲ್ಲಿ: ‘ಇಳಿಯೋರಿದ್ದಾರೆ!’ ಮೊದಲ ಸಲ ಕೇಳಿದಾಗ ನಾನು ಹೊಸಕೋಟೆ ಬಸ್ಸಿನಲ್ಲಿ ಇದ್ದೇನೇನೋ ಅನ್ನಿಸಿತು.

ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಳ್ಳಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಕೇಳಿದ್ದನ್ನು ಕೇಳಿದ ಹಾಗೆ ಹಿಡಿಯಲು ನಮ್ಮ ಲಿಪಿಗಿಂತ ಒಳ್ಳೆಯದಿಲ್ಲ. ರಾತ್ರಿ ಸ್ಪ್ಯಾನಿಷ್ ಕಾಗುಣಿತಕ್ಕೆ ಬದಲಾಯಿಸಿ. ದಿನಕ್ಕೆ ಹತ್ತು ಪದ ಸಾಕು. ಮರುದಿನ ಆ ಹತ್ತರಲ್ಲಿ ಐದನ್ನಾದರೂ ಯಾರೊಂದಿಗಾದರೂ ಬಳಸಿ.

ಹಂತ 7: ಕಡಲನ್ನೂ ತರಗತಿ ಮಾಡಿಕೊಳ್ಳಿ

ಸಿಕಾತೆಲಾದಲ್ಲಿ ಈಜಬೇಡಿ. ಅಲೆ ಮಾತ್ರವಲ್ಲ, ಒಳಗೆಳೆಯುವ ಸೆಳೆತವೂ ಭಾರಿ. ಪಳಗಿದವರೂ ಅಲ್ಲಿ ಸತ್ತಿದ್ದಾರೆ. ಕಲಿಯುವವರಿಗೆ ಕರಿಸಲೀಯೊ ಕೊಲ್ಲಿ ಸರಿ. ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿದು ಹೋಗಬೇಕು, ಹತ್ತುವಾಗ ಸ್ಪ್ಯಾನಿಷೂ ಬರುವುದಿಲ್ಲ ಕನ್ನಡವೂ ಬರುವುದಿಲ್ಲ. ಸರ್ಫಿಂಗ್ ಹೇಳಿಕೊಡುವವರಿಗೆ ಮೊದಲೇ ಹೇಳಿ: ‘ಸೋಲೊ ಎನ್ ಎಸ್ಪಞೋಲ್, ಪೊರ್ ಫಾವೊರ್’ (ದಯವಿಟ್ಟು ಸ್ಪ್ಯಾನಿಷಿನಲ್ಲಿ ಮಾತ್ರ). ಅಲೆ ಬೆನ್ನಟ್ಟಿ ಬರುವಾಗ ‘ರೇಮಾ! ರೇಮಾ!’ (ಹುಟ್ಟು ಹಾಕು!) ಎಂದು ಅವರು ಕಿರುಚಿದರೆ ಅದನ್ನು ಅನುವಾದ ಮಾಡಿಕೊಳ್ಳಲು ಪುರುಸೊತ್ತಿರುವುದಿಲ್ಲ, ಕೈ ತಾನಾಗಿ ಆಡುತ್ತದೆ. ಆಜ್ಞಾರ್ಥಕ ರೂಪ ಕಲಿಯಲು ಇದಕ್ಕಿಂತ ಗಟ್ಟಿ ದಾರಿ ನನಗೆ ಗೊತ್ತಿಲ್ಲ.

ಒಂದು ಸಂಜೆ ಬಕೋಚೊ ತೀರದಲ್ಲಿ ಆಮೆ ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಿ. ಅವರು ‘ಗೊಲ್ಫೀನಾ’ ಅನ್ನುವ ಆಮೆ ನಮ್ಮ ಹೊನ್ನಾವರದ ಮರಳಿಗೆ ಬಂದು ಮೊಟ್ಟೆಯಿಡುವ ಆಲಿವ್ ರಿಡ್ಲಿಯೇ. ನಮ್ಮೂರ ಕಡೆಯೂ ಇದು ಬರುತ್ತದೆ ಎಂದು ಸ್ವಯಂಸೇವಕಿಗೆ ಹೇಳಲು ನಾನು ಆರು ವಾಕ್ಯ ಕಟ್ಟಿದೆ, ನಾಲ್ಕು ತಪ್ಪು. ಅವಳು ಮರುಪ್ರಶ್ನೆ ಕೇಳಿದಳು, ಅಂದರೆ ಅರ್ಥವಾಗಿತ್ತು.

ಹಂತ 8: ಮೂರನೇ ವಾರದ ಕುಸಿತ

ಇದು ಬರುತ್ತದೆ, ತಯಾರಿರಿ. ಹದಿನೈದು ದಿನ ಏರುತ್ತಿದ್ದ ಮಾತು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನಿನ್ನೆ ಬಂದ ಪದ ಇವತ್ತು ಬರುವುದಿಲ್ಲ, ತಲೆ ಭಾರ, ಯಾರಾದರೂ ಕನ್ನಡದಲ್ಲಿ ‘ಊಟ ಆಯ್ತಾ’ ಎಂದರೆ ಅತ್ತುಬಿಡುವ ಸ್ಥಿತಿ. ಹೊಸ ಕಾಲಗಳನ್ನು ಕಲಿತದ್ದರಿಂದ ಈಗ ಆಯ್ಕೆ ಮಾಡಬೇಕಾಗಿದೆ, ಅದಕ್ಕೇ ತಡವರಿಕೆ. ಆ ವಾರ ಹೊಸ ವ್ಯಾಕರಣ ಬೇಡ ಎಂದು ಟೀಚರಿಗೆ ಹೇಳಿ. ಒಂದೇ ಕಥೆಯನ್ನು, ನಿಮ್ಮ ಮನೆಯದ್ದೋ ಊರಿನದ್ದೋ, ದಿನವೂ ಹೊಸಬರಿಗೆ ಹೇಳಿ. ಐದನೇ ಸಲ ಹೇಳುವಾಗ ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ನನಗೆ ಆ ಕಥೆ ಅದಕ್ಕೂ ಮೊದಲೇ, ಸತ್ತವರ ದಿನದಂದು ಸಿಕ್ಕಿತ್ತು. ಮನೆಯಲ್ಲಿ ಚೆಂಡುಹೂವಿನ ಕಮಾನು ಕಟ್ಟಿ, ಅಜ್ಜನ ಫೋಟೊದ ಮುಂದೆ ಅವರಿಗೆ ಇಷ್ಟವಾದ ತಿಂಡಿ, ಬ್ರೆಡ್ಡು, ನೀರು ಇಟ್ಟಿದ್ದರು. ಚೆಂಡುಹೂ ಮೂಲತಃ ಮೆಕ್ಸಿಕೊದ್ದೇ. ಅಲ್ಲಿಂದ ಹೊರಟು ನಮ್ಮ ದಸರೆಯ ಬಾಗಿಲಿಗೆ ಬಂದಿದೆ. ‘ನಿಮ್ಮಲ್ಲಿ ಹೀಗೆ ಮಾಡುತ್ತೀರಾ’ ಎಂದು ದೋಞಾ ಕೇಳಿದರು. ಪಿತೃಪಕ್ಷ, ಎಡೆ, ಕಾಗೆಗೆ ಇಡುವ ಅನ್ನ, ಇದನ್ನೆಲ್ಲ ಅಂದು ನಾಲ್ಕು ಮುರುಕು ವಾಕ್ಯದಲ್ಲಿ ಹೇಳಿದ್ದೆ. ಮೂರನೇ ವಾರ ಅದನ್ನೇ ಟೀಚರಿಗೆ, ಹಣ್ಣಿನವರಿಗೆ, ವ್ಯಾನಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ. ‘ಕಾಗೆ ಬಾರದಿದ್ದರೆ?’ ಎಂದು ಎಲ್ಲರೂ ಕೇಳಿದರು. ಆ ಪ್ರಶ್ನೆಗೆ ಉತ್ತರಿಸುತ್ತಾ ‘ಬಂದರೆ, ಬಾರದಿದ್ದರೆ’ ಎಂಬ ಅಧ್ಯಾಯ ಪೂರ್ತಿ ಕಲಿತೆ.

ಹಂತ 9: ಹಿಂದಿರುಗಿದ ಮೇಲೆ

ಮೊದಲ ಎರಡು ತಿಂಗಳಲ್ಲಿ ಬಳಸದಿದ್ದರೆ ಕಲಿತದ್ದು ಬೇಗ ಸೋರುತ್ತದೆ. ನಿಮ್ಮ ಟೀಚರ ಜೊತೆ ವಾರಕ್ಕೊಂದು ಗಂಟೆ ವಿಡಿಯೊ ಪಾಠ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಭಾರತದಿಂದ ಕಲಿಯುವವರು ಗಡಿಯಾರ ನೋಡಿ: ಅಲ್ಲಿ ಸಂಜೆ ಏಳು ಎಂದರೆ ನಮಗೆ ಮರುದಿನ ಬೆಳಗ್ಗೆ ಆರೂವರೆ. ಕಾಫಿಯ ಹೊತ್ತಿಗೆ ಸರಿಹೋಗುತ್ತದೆ.

ಪ್ರಮಾಣಪತ್ರ ಬೇಕಿದ್ದರೆ ದೆಲೆ ಪರೀಕ್ಷೆ ಇದೆ, ನಡೆಸುವವರು ಸ್ಪೇನಿನ ಇನ್ಸ್ತಿತೂತೊ ಸೆರ್ವಾಂತೆಸ್. ಅದರ ಶಾಖೆ ದೆಹಲಿಯಲ್ಲಿದೆ. ಒಮ್ಮೆ ಪಾಸಾದರೆ ಜೀವನಪೂರ್ತಿ ಚಾಲ್ತಿ. ಸಿಯೆಲೆ ಎಂಬ ಇನ್ನೊಂದು ಕಂಪ್ಯೂಟರ್ ಪರೀಕ್ಷೆಯ ಅಂಕಕ್ಕೆ ಐದು ವರ್ಷ ಮಾನ್ಯತೆ. ಸ್ಪೇನಿನ ಪರೀಕ್ಷೆ ಎಂದು ಮೆಕ್ಸಿಕೊದ ಉಚ್ಚಾರ ಬದಲಿಸಿಕೊಳ್ಳಬೇಕಿಲ್ಲ, ಎರಡೂ ಸಲ್ಲುತ್ತವೆ. ಮೆಕ್ಸಿಕೊದವರು ಬಳಸದ ಬಹುವಚನದ ‘ವೊಸೋತ್ರೊಸ್’ ರೂಪವನ್ನು ಕೇಳಿದರೆ ಗುರುತಿಸುವಷ್ಟು ಓದಿಕೊಂಡರಾಯಿತು.

ಪರೀಕ್ಷೆ ಬೇಡದವರಿಗೆ ವಾಟ್ಸ್ಯಾಪ್ ಸಾಕು. ಮನೆಯ ದೋಞಾಗೆ ಟೈಪು ಮಾಡಬೇಡಿ, ಧ್ವನಿ ಸಂದೇಶ ಕಳಿಸಿ. ಅವರು ಮರಳಿ ಕಳಿಸುವುದು ಮೂರು ನಿಮಿಷದ್ದಿರುತ್ತದೆ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿರುತ್ತದೆ, ಗ್ಯಾಸ್ ಮಾರುವವನ ಗಾಡಿ ಹಾದುಹೋಗುತ್ತದೆ, ನಡುವೆ ಮೊಮ್ಮಗನಿಗೆ ಬೈಗುಳ. ನನಗೆ ಮೊದಲ ಸಂದೇಶ ಅರ್ಥವಾಗಲು ಐದು ಸಲ ಕೇಳಬೇಕಾಯಿತು. ಮೊನ್ನೆ ಬಂದದ್ದನ್ನು ಒಂದೇ ಸಲ ಕೇಳಿದೆ, ಬೈಗುಳ ಸಮೇತ. ಕಾಗೆ ಈ ವರ್ಷ ಬಂತೇ ಎಂದು ಕೇಳಿದ್ದಾರೆ, ಇನ್ನೂ ಉತ್ತರ ಕಳಿಸಬೇಕು.